ಯುಡಿಐಡಿ ಕಾರ್ಡ್, ಮಾಸಾಶನ, ಬಸ್ ಪಾಸ್: ಅಂಗವೈಕಲ್ಯ ಸೌಲಭ್ಯ ಪಡೆಯುವ ದಾರಿ, ಮೊದಲಿಂದ ಕೊನೆವರೆಗೆ

ಅಂಗವೈಕಲ್ಯ ಇರುವವರಿಗೆ ಸರ್ಕಾರ ಏನು ಕೊಡುತ್ತದೆ ಎಂದು ಊರಲ್ಲಿ ಯಾರನ್ನಾದರೂ ಕೇಳಿ. "ಪಿಂಚಣಿ" ಅಂತಾರೆ, ಅಷ್ಟೇ. ಬಸ್ ಪಾಸ್, ರೈಲು ರಿಯಾಯಿತಿ, ಸ್ಕಾಲರ್‌ಶಿಪ್, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ತೆರಿಗೆ ವಿನಾಯಿತಿ, ಆರೋಗ್ಯ ವಿಮೆ, ನೌಕರಿಯಲ್ಲಿ ಮೀಸಲಾತಿ ಇವೆ ಎಂಬುದೇ ತಿಳಿಯದೆ ಎಷ್ಟೋ ಮನೆಯವರು ವರ್ಷಗಳನ್ನು ಕಳೆದುಬಿಡುತ್ತಾರೆ. ಗೊತ್ತಿರುವವರೂ ಸೀದಾ ನಾಡಕಚೇರಿಗೆ ಹೋಗಿ ಪಿಂಚಣಿ ಅರ್ಜಿ ಕೇಳುತ್ತಾರೆ. ಅಲ್ಲಿ "ಮೊದಲು ಯುಡಿಐಡಿ (ಅಂಗವೈಕಲ್ಯ ಇರುವವರಿಗೆ ಕೊಡುವ ಗುರುತಿನ ಕಾರ್ಡ್) ಮಾಡಿಸಿಕೊಂಡು ಬನ್ನಿ" ಎಂದು ವಾಪಸ್ ಕಳಿಸುತ್ತಾರೆ. ಆಸ್ಪತ್ರೆಗೆ ಹೋದರೆ ಅಂಗವೈಕಲ್ಯ ತಪಾಸಣೆ ಮಾಡುವ ವೈದ್ಯರ ಬೋರ್ಡ್ ಇರುವ ದಿನ ಅದಲ್ಲ ಅಂತಾರೆ. ನಡೆಯಲು ಕಷ್ಟ ಇರುವವರನ್ನೇ ನಾವು ಹೀಗೆ ಹೆಚ್ಚು ಓಡಾಡಿಸುತ್ತೇವೆ.

ಈ ಓಡಾಟವನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಆದರೆ ಸರಿಯಾದ ಕ್ರಮದಲ್ಲಿ ಹೋದರೆ ಅರ್ಧಕ್ಕರ್ಧ ಕಮ್ಮಿ ಮಾಡಬಹುದು. ಮೊದಲು ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್, ಆಮೇಲೆ ಆದಾಯ ಪತ್ರ ಮತ್ತು ಬ್ಯಾಂಕ್ ಖಾತೆ, ನಂತರ ಮಾಸಾಶನ, ಕೊನೆಗೆ ಉಳಿದದ್ದು. ಈ ಬರಹ ಅದೇ ಕ್ರಮದಲ್ಲಿದೆ. ಕರ್ನಾಟಕದಲ್ಲಿ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಯಾರು ಅರ್ಹರು?

ಇದಕ್ಕೆ ಆಧಾರ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. ಅದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು. ಈಗ 21 ಇವೆ. ಇದನ್ನು ಒತ್ತಿ ಹೇಳಲು ಕಾರಣವಿದೆ. "ನಮ್ಮದು ಅಂಗವೈಕಲ್ಯದಲ್ಲಿ ಬರಲ್ಲ" ಎಂದುಕೊಂಡು ಕೂತಿರುವ ಅನೇಕರು ಈ ಹೊಸ ಪಟ್ಟಿಯಲ್ಲಿದ್ದಾರೆ.

ಕಣ್ಣು ಕಾಣದಿರುವುದು, ದೃಷ್ಟಿ ಮಂದ, ಕಿವಿ ಕೇಳದಿರುವುದು, ಕೈಕಾಲಿನ ತೊಂದರೆ, ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆ ಎಲ್ಲರಿಗೂ ಗೊತ್ತಿರುವವು. ಅವುಗಳ ಜೊತೆಗೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್ಸ್, ಕುಬ್ಜತೆ, ಮಾತಿನ ತೊಂದರೆ, ಆ್ಯಸಿಡ್ ದಾಳಿಗೆ ಒಳಗಾದವರು, ಕುಷ್ಠ ವಾಸಿಯಾದರೂ ಊನ ಉಳಿದವರು, ಓದು ಬರಹ ಲೆಕ್ಕದ ಕಲಿಕೆಯಲ್ಲಿ ನಿರ್ದಿಷ್ಟ ತೊಂದರೆ ಇರುವ ಮಕ್ಕಳು ಇದ್ದಾರೆ. ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಎಂಬ ಮೂರು ರಕ್ತದ ಕಾಯಿಲೆಗಳೂ ಇವೆ. ಚಾಮರಾಜನಗರ, ಹೆಗ್ಗಡದೇವನಕೋಟೆ, ಕೊಡಗಿನ ಕಾಡಂಚಿನ ಹಾಡಿಗಳಲ್ಲಿ ಸಿಕಲ್ ಸೆಲ್ ಇರುವ ಕುಟುಂಬಗಳಿವೆ. ಈ ವಿಷಯ ಅವರಿಗೆ ಮುಟ್ಟಲೇಬೇಕು.

ಪಟ್ಟಿಯಲ್ಲಿ ಇಲ್ಲದ್ದನ್ನೂ ಹೇಳಿಬಿಡುತ್ತೇನೆ. ಕಿಡ್ನಿ ವೈಫಲ್ಯ, ಹೃದಯದ ಕಾಯಿಲೆ, ಕ್ಯಾನ್ಸರ್ ಎಷ್ಟೇ ಗಂಭೀರವಾಗಿದ್ದರೂ ಅದೊಂದೇ ಕಾರಣಕ್ಕೆ ಈ ಪ್ರಮಾಣಪತ್ರ ಸಿಗುವುದಿಲ್ಲ. ಆ ಕಾಯಿಲೆಯಿಂದ ಕಾಲು ತೆಗೆಯಬೇಕಾಗಿ ಬಂದಿದ್ದರೆ, ದೃಷ್ಟಿ ಹೋಗಿದ್ದರೆ, ಆಗ ಆ ತೊಂದರೆಯ ಲೆಕ್ಕದಲ್ಲಿ ಸಿಗುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು ಇದಕ್ಕೆ ಉದಾಹರಣೆ.

ಇನ್ನು ಪರ್ಸೆಂಟೇಜ್. ಎಲ್ಲವೂ ನಿಂತಿರುವುದು ಈ ಒಂದು ಅಂಕಿಯ ಮೇಲೆ. ಬಹುತೇಕ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಬೇಕು. ಅದಕ್ಕಿಂತ ಕಮ್ಮಿ ಇದ್ದರೂ ಪ್ರಮಾಣಪತ್ರ ಕೊಡುತ್ತಾರೆ, ಆದರೆ ಅದರಿಂದ ಪಿಂಚಣಿ, ಮೀಸಲಾತಿ ಸಿಗುವುದಿಲ್ಲ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಮಾರ್ಗಸೂಚಿಯ ಪ್ರಕಾರ ಬರುವುದು ಶೇ. 30 ಮಾತ್ರ. ಕಿವಿಯದ್ದೂ ಹಾಗೆಯೇ. ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬಲ್ ನಷ್ಟ ಇರಬೇಕು, ಒಂದೇ ಕಿವಿ ಕೇಳದಿದ್ದರೆ ಸಾಲದು. ನೋವಿನ ಸಂಗತಿ ನಿಜ. ಆದರೆ ಇದು ಮೊದಲೇ ಗೊತ್ತಿದ್ದರೆ "ನಾನು ಮಾಡಿಸಿಕೊಡ್ತೀನಿ" ಎನ್ನುವ ಮಧ್ಯವರ್ತಿಗೆ ಸುಮ್ನೆ ದುಡ್ಡು ಕೊಡುವುದು ತಪ್ಪುತ್ತದೆ.

ಎರಡು ತೊಂದರೆ ಇದ್ದವರು ಇಲ್ಲಿ ಗಮನವಿಟ್ಟು ಓದಿ. ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಸೂತ್ರವೇ ಇದೆ. ದೊಡ್ಡ ಅಂಕಿಯನ್ನು 90ರಿಂದ ಕಳೆಯುತ್ತಾರೆ, ಬಂದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸುತ್ತಾರೆ, ಅದನ್ನು ದೊಡ್ಡ ಅಂಕಿಗೆ ಕೂಡಿಸುತ್ತಾರೆ. ಒಂದು ಕಣ್ಣು ಇಲ್ಲದವರಿಗೆ ಶೇ. 30, ಅವರಿಗೇ ಕಾಲಿನ ತೊಂದರೆಯೂ ಶೇ. 30 ಇದೆ ಎಂದಿಟ್ಟುಕೊಳ್ಳಿ. 30ಕ್ಕೆ 20 ಸೇರಿ ಒಟ್ಟು ಶೇ. 50 ಆಗುತ್ತದೆ. ನೇರವಾಗಿ ಕೂಡಿಸಿದರೆ ಬರುವ 60 ಅಲ್ಲ, ಆದರೂ 40ರ ಗೆರೆ ದಾಟಿತು. ಬೇರೆ ಬೇರೆಯಾಗಿ ನೋಡಿದ್ದರೆ ಅವರಿಗೆ ಏನೂ ಸಿಗುತ್ತಿರಲಿಲ್ಲ. ಹಾಗಾಗಿ ಅರ್ಜಿಯಲ್ಲಿ ಎರಡೂ ತೊಂದರೆ ಬರೆಯಿರಿ, ವೈದ್ಯರ ಮುಂದೆ ಎರಡನ್ನೂ ಹೇಳಿ. ಎಷ್ಟೋ ಜನ ಮುಖ್ಯವಾದದ್ದು ಒಂದನ್ನೇ ಹೇಳಿ ಸುಮ್ಮನಾಗುತ್ತಾರೆ.

ಮೊದಲ ಹೆಜ್ಜೆ: ಯುಡಿಐಡಿ ಅರ್ಜಿ

ಮೊದಲೆಲ್ಲ ಜಿಲ್ಲಾಸ್ಪತ್ರೆಯಲ್ಲಿ ಕಾಗದದ ಮೇಲೆ ಸರ್ಟಿಫಿಕೇಟ್ ಬರೆದುಕೊಡುತ್ತಿದ್ದರು. ಈಗ ಅರ್ಜಿ ಹಾಕಬೇಕಾದ್ದು ಕೇಂದ್ರ ಸರ್ಕಾರದ ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ. ಅಲ್ಲಿ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ಎರಡಕ್ಕೂ ಒಂದೇ ಅರ್ಜಿ. ಕಾರ್ಡ್‌ನಲ್ಲಿ 18 ಅಂಕಿ ಅಕ್ಷರಗಳ ಸಂಖ್ಯೆ ಇರುತ್ತದೆ. ದೇಶದ ಯಾವ ರಾಜ್ಯಕ್ಕೆ ಹೋದರೂ ಅದು ನಡೆಯುತ್ತದೆ.

ಬೇಕಾಗುವುದು ಆಧಾರ್, ಇತ್ತೀಚಿನ ಪಾಸ್‌ಪೋರ್ಟ್ ಅಳತೆಯ ಫೋಟೊ (6 ತಿಂಗಳಿಗಿಂತ ಹಳೆಯದಾಗಬಾರದು), ವಿಳಾಸದ ದಾಖಲೆ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು, ಮೊಬೈಲ್ ನಂಬರ್. ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಸೈಬರ್ ಸೆಂಟರ್‌ನವರು ಬೇಗ ಮುಗಿಸಲು ತಮ್ಮ ನಂಬರ್ ಹಾಕಿಬಿಟ್ಟರೆ ಮುಂದೆ ಬರುವ ಒಟಿಪಿ, ಮೆಸೇಜ್ ಎಲ್ಲ ಅವರಿಗೇ ಹೋಗುತ್ತದೆ. ಹೆಸರು ಆಧಾರ್‌ನಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆದರೂ ನಂತರ ಪಿಂಚಣಿಯಲ್ಲಿ ತಕರಾರು ಬರುತ್ತದೆ. ಆಧಾರ್‌ನಲ್ಲೇ ತಪ್ಪಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಅರ್ಜಿಯಲ್ಲಿ ಆಸ್ಪತ್ರೆ ಆರಿಸುವ ಜಾಗವಿದೆ. ನೀವು ವಾಸವಿರುವ ಜಿಲ್ಲೆಯ ಆಸ್ಪತ್ರೆ ಆರಿಸಬಹುದು, ಇಲ್ಲವೇ ಚಿಕಿತ್ಸೆ ಪಡೆಯುತ್ತಿರುವ ಅಧಿಕೃತ ಆಸ್ಪತ್ರೆಯನ್ನು ಆರಿಸಬಹುದು. ಇಲ್ಲಿ ಸ್ವಲ್ಪ ಯೋಚಿಸಿ. ಕೈಕಾಲಿನ ತೊಂದರೆಗೆ ಜಿಲ್ಲಾಸ್ಪತ್ರೆ ಸಾಕು. ಮಾನಸಿಕ ಕಾಯಿಲೆ, ಆಟಿಸಂ, ಕಲಿಕೆಯ ತೊಂದರೆ ಇವಕ್ಕೆ ಪರೀಕ್ಷೆ ಮಾಡುವ ತಜ್ಞರು ಆ ಆಸ್ಪತ್ರೆಯಲ್ಲಿ ಇದ್ದಾರಾ ಎಂದು ವಿಚಾರಿಸಿಕೊಂಡೇ ಆರಿಸಿ. ಮಗುವಿನ ಚಿಕಿತ್ಸೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ನಡೆಯುತ್ತಿದ್ದರೆ ಅಲ್ಲಿನ ವರದಿಗಳಿಗೆ ತೂಕ ಜಾಸ್ತಿ. ಅವನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.

ಅರ್ಜಿ ಸಲ್ಲಿಸಿದ ಮೇಲೆ ನೋಂದಣಿ ಸಂಖ್ಯೆ ಬರುತ್ತದೆ. ಪ್ರಿಂಟ್ ತೆಗೆದುಕೊಳ್ಳಿ, ಮೊಬೈಲ್‌ನಲ್ಲೂ ಒಂದು ಫೋಟೊ ಹೊಡೆದಿಟ್ಟುಕೊಳ್ಳಿ.

ಇದೆಲ್ಲ ಒಬ್ಬರೇ ಮಾಡಬೇಕಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಊರಲ್ಲಿ ವಿಆರ್‌ಡಬ್ಲ್ಯು ಎಂದರೆ ಗೊತ್ತಾಗುತ್ತದೆ. ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು, ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯು ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಸ್ವತಃ ಅಂಗವೈಕಲ್ಯ ಇರುವವರೇ. ಕಮ್ಮಿ ಗೌರವಧನಕ್ಕೆ ತುಂಬ ಕೆಲಸ ಮಾಡುತ್ತಾರೆ. ಯಾವ ವಾರ ಯಾವ ಬೋರ್ಡ್ ಕೂರುತ್ತದೆ ಎಂಬುದು ಇವರಿಗೆ ಬಾಯಿಪಾಠ. ಏಜೆಂಟ್ ಹತ್ತಿರ ಹೋಗುವ ಮೊದಲು ಇವರ ಹತ್ತಿರ ಹೋಗಿ.

ಕೈಯಲ್ಲಿ ಹಳೆ ಕಾಗದದ ಸರ್ಟಿಫಿಕೇಟ್ ಇದೆಯಾ? ಅದರಲ್ಲಿ ಬರೆದಿರುವ ಅವಧಿವರೆಗೆ ಅದು ಚಾಲ್ತಿಯಲ್ಲೇ ಇರುತ್ತದೆ. ಅದನ್ನು ಪೋರ್ಟಲ್‌ನಲ್ಲಿ ಸ್ಕ್ಯಾನ್ ಮಾಡಿ ಹಾಕಿ ಯುಡಿಐಡಿಗೆ ಅರ್ಜಿ ಕೊಡಬಹುದು.

ಎರಡನೇ ಹೆಜ್ಜೆ: ಬೋರ್ಡ್ ಮುಂದೆ

ವೈದ್ಯಕೀಯ ತಪಾಸಣೆಗೆ ಆಸ್ಪತ್ರೆಗಳಲ್ಲಿ ವಾರದ ನಿರ್ದಿಷ್ಟ ದಿನಗಳಿರುತ್ತವೆ. ಹೊರಡುವ ಮೊದಲು ಫೋನ್ ಮಾಡಿ ಅಥವಾ ವಿಆರ್‌ಡಬ್ಲ್ಯು ಮೂಲಕ ದಿನ ಖಚಿತ ಮಾಡಿಕೊಳ್ಳಿ. ಎಕ್ಸ್‌ರೇ, ಸ್ಕ್ಯಾನ್, ಡಿಸ್ಚಾರ್ಜ್ ಸಮರಿ, ಔಷಧಿ ಚೀಟಿ, ಶ್ರವಣ ಪರೀಕ್ಷೆಯ ವರದಿ, ಐಕ್ಯೂ ವರದಿ, ಏನಿದೆಯೋ ಎಲ್ಲ ತನ್ನಿ. ಮಾನಸಿಕ ಕಾಯಿಲೆಯ ವಿಷಯದಲ್ಲಿ ಎಷ್ಟು ಕಾಲದಿಂದ ಚಿಕಿತ್ಸೆ ನಡೆದಿದೆ ಎಂದು ತೋರಿಸುವ ಚೀಟಿಗಳು ತುಂಬ ಮುಖ್ಯ. ಹಳೆಯದೆಂದು ಬಿಸಾಡಬೇಡಿ.

ಇಲ್ಲಿ ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ನಮ್ಮ ಜನ ವೈದ್ಯರ ಮುಂದೆ ಸಂಕೋಚದಿಂದ ಕಷ್ಟವನ್ನು ಕಮ್ಮಿ ಮಾಡಿ ಹೇಳುತ್ತಾರೆ. "ಪರವಾಗಿಲ್ಲ ಸಾರ್, ಹೆಂಗೋ ನಡೀತಿದೆ" ಅಂತಾರೆ. ಬೋರ್ಡ್ ಮುಂದೆ ಹಾಗೆ ಹೇಳಬೇಡಿ. ಬಟ್ಟೆ ಹಾಕಿಕೊಳ್ಳಲು, ಸ್ನಾನಕ್ಕೆ, ಮೆಟ್ಟಿಲು ಹತ್ತಲು, ದಾರಿ ದಾಟಲು ಯಾರ ಸಹಾಯ ಬೇಕು, ಎಷ್ಟು ಬೇಕು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಹೆಚ್ಚು ಮಾಡಿ ಹೇಳುವುದೂ ಬೇಡ. ಸುಳ್ಳು ದಾಖಲೆ ಕೊಟ್ಟು ಸೌಲಭ್ಯ ಪಡೆದರೆ ಕಾಯ್ದೆಯ 91ನೇ ಸೆಕ್ಷನ್‌ನಲ್ಲಿ 2 ವರ್ಷದವರೆಗೆ ಜೈಲು, ₹1 ಲಕ್ಷದವರೆಗೆ ದಂಡ ಇದೆ. ಮಾತು ಬಾರದವರು, ಮಕ್ಕಳು ಇದ್ದರೆ ದಿನವಿಡೀ ಅವರನ್ನು ನೋಡಿಕೊಳ್ಳುವವರೇ ಜೊತೆಗೆ ಹೋಗಬೇಕು. ಹೆಚ್ಚಾಗಿ ಅದು ತಾಯಿ. ಓಡಾಟ ಗೊತ್ತಿದೆ ಎಂದು ಅಪ್ಪನೋ ಚಿಕ್ಕಪ್ಪನೋ ಹೋದರೆ ವೈದ್ಯರು ಕೇಳುವ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ.

ರೈಲಿನಲ್ಲಿ ಓಡಾಡುವವರಾದರೆ ರೈಲ್ವೆಯ ರಿಯಾಯಿತಿ ನಮೂನೆಯನ್ನೂ ಅದೇ ದಿನ ಒಯ್ದು ಸರ್ಕಾರಿ ವೈದ್ಯರಿಂದ ಸಹಿ, ಸೀಲ್ ಹಾಕಿಸಿಕೊಳ್ಳಿ. ಅದು ಬೇರೆಯೇ ನಮೂನೆ. ಇನ್ನೊಂದು ಸಲ ಅದಕ್ಕಾಗಿಯೇ ಬರುವುದು ಉಳಿಯುತ್ತದೆ.

ಪ್ರಮಾಣಪತ್ರ ಕೊಡಲು ವೈದ್ಯಕೀಯ ಪ್ರಾಧಿಕಾರಕ್ಕೆ 2024ರ ತಿದ್ದುಪಡಿ ನಿಯಮಗಳ ಪ್ರಕಾರ 3 ತಿಂಗಳ ಸಮಯವಿದೆ. ಕಾರ್ಡ್‌ನ ಬಣ್ಣವೂ ಅರ್ಥ ಹೇಳುತ್ತದೆ: ಶೇ. 40ಕ್ಕಿಂತ ಕಮ್ಮಿ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಅಂಚೆಯಲ್ಲಿ ಕಾರ್ಡ್ ಬರುವವರೆಗೆ ಕಾಯಬೇಕಿಲ್ಲ, ಪೋರ್ಟಲ್‌ನಿಂದ ಇಳಿಸಿಕೊಂಡದ್ದನ್ನೇ ಬಳಸಬಹುದು.

ಕೈಗೆ ಬಂದ ಕೂಡಲೇ ಮೂರು ವಿಷಯ ನೋಡಿ. ಹೆಸರು ಸರಿಯಾಗಿದೆಯಾ? ಪರ್ಸೆಂಟೇಜ್ ಎಷ್ಟು? ಶಾಶ್ವತವೋ ತಾತ್ಕಾಲಿಕವೋ? ಪರಿಸ್ಥಿತಿ ಬದಲಾಗುವ ಸಾಧ್ಯತೆ ಇದ್ದರೆ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ, ಅದರಲ್ಲಿ ಮುಗಿಯುವ ದಿನಾಂಕ ಇರುತ್ತದೆ. ಚಿಕ್ಕ ಮಕ್ಕಳಿಗೆ ಹೀಗಾಗುವುದೇ ಹೆಚ್ಚು. ಆ ದಿನಾಂಕವನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಬರೆದಿಡಿ, ಮುಗಿಯುವ ಮೊದಲೇ ನವೀಕರಣಕ್ಕೆ ಹಾಕಿ. ಕಲಿಕೆಯ ತೊಂದರೆ ಇರುವ ಮಕ್ಕಳಿಗೆ 8 ವರ್ಷ ತುಂಬಿದ ಮೇಲೆ ಮೊದಲ ಪ್ರಮಾಣಪತ್ರ ಸಿಗುತ್ತದೆ, 14 ಮತ್ತು 18ರಲ್ಲಿ ಮತ್ತೆ ಪರೀಕ್ಷೆ ಆಗಬೇಕು. 18ರಲ್ಲಿ ಸಿಗುವುದು ಜೀವನಪೂರ್ತಿ ನಡೆಯುತ್ತದೆ.

ಮೂರನೇ ಹೆಜ್ಜೆ: ಮಾಸಾಶನ

ಪಿಂಚಣಿ ಕೊಡುವುದು ಕಂದಾಯ ಇಲಾಖೆ. ಅದಕ್ಕೇ ಅರ್ಜಿ ನಾಡಕಚೇರಿಗೆ ಹೋಗುತ್ತದೆ. ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳಲ್ಲೂ ಹಾಕಬಹುದು. ಅಂಗವೈಕಲ್ಯ ಶೇ. 40ರಿಂದ 75ರವರೆಗೆ ಇದ್ದರೆ ತಿಂಗಳಿಗೆ ₹800. 2021ಕ್ಕೆ ಮುಂಚೆ ಇದು ₹600 ಇತ್ತು. ಶೇ. 75 ದಾಟಿದರೆ ಮೊತ್ತ ₹1,400ಕ್ಕೆ ಏರುತ್ತದೆ. ಈ ಕಾಲದಲ್ಲಿ ₹800 ಯಾವ ಮೂಲೆಗೆ ಎಂದು ಯಾರಿಗಾದರೂ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಆದರೂ ಬಿಡಬೇಡಿ. ತನ್ನದೇ ಖಾತೆಗೆ ತನ್ನದೇ ಹೆಸರಲ್ಲಿ ಬರುವ ಹಣ ಮನೆಯಲ್ಲಿ ಆ ವ್ಯಕ್ತಿಯ ಮಾತಿಗೆ ಬೆಲೆ ತರುತ್ತದೆ.

ಕುಟುಂಬದ ವಾರ್ಷಿಕ ಆದಾಯ ₹32,000 ಮೀರಬಾರದು. ಈ ಮಿತಿ ತೀರಾ ಕಮ್ಮಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಬ್ಬರು ಕೂಲಿಗೆ ಹೋದರೂ ದಾಟಿಬಿಡುವ ಅಂಕಿ ಇದು. ಅಂಗವೈಕಲ್ಯ ಇರುವ ಮನೆಯ ಖರ್ಚು ಬೇರೆ ಮನೆಗಳಿಗಿಂತ ಜಾಸ್ತಿ ಎಂಬುದನ್ನು ಅದು ನೋಡುವುದೇ ಇಲ್ಲ. ನಿಯಮ ಸದ್ಯ ಹಾಗಿದೆ. ಆದಾಯ ಪತ್ರವನ್ನು ನಾಡಕಚೇರಿಯಿಂದಲೇ ಮೊದಲು ಪಡೆಯಿರಿ. ಹಳೆಯದು ಇದ್ದು, ಅದಾದ ಮೇಲೆ ದುಡಿಯುವವರು ತೀರಿಕೊಂಡಿದ್ದರೆ ಅಥವಾ ಹಾಸಿಗೆ ಹಿಡಿದಿದ್ದರೆ, ಈಗಿನ ಸ್ಥಿತಿ ತೋರಿಸಿ ಹೊಸದಕ್ಕೆ ಅರ್ಜಿ ಹಾಕಿ.

ಮಕ್ಕಳಿಗೂ ಪಿಂಚಣಿ ಇದೆ. 18 ತುಂಬಲಿ ಎಂದು ಕಾಯಬೇಡಿ. ತಂದೆ ತಾಯಿ ಮಗುವಿನ ಪರವಾಗಿ ಹಾಕಬಹುದು.

ಒಬ್ಬರಿಗೆ ಒಂದೇ ಸಾಮಾಜಿಕ ಪಿಂಚಣಿ ಎಂಬುದನ್ನು ನೆನಪಿಡಿ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ ₹1,200 ಸಿಗುತ್ತದೆ. ಶೇ. 50 ಅಂಗವೈಕಲ್ಯ ಇರುವ 67 ವರ್ಷದ ಅಜ್ಜಿಗೆ ಅದೇ ಲಾಭ. ಅವರೇ ಶೇ. 80 ಆಗಿದ್ದರೆ ಅಂಗವಿಕಲ ವೇತನ ಮೇಲು. ವಿಧವಾ ವೇತನ ಪಡೆಯುತ್ತಿರುವ, ಶೇ. 75 ದಾಟಿದ ಹೆಣ್ಣುಮಕ್ಕಳೂ ಈ ಲೆಕ್ಕ ನೋಡಿಕೊಳ್ಳಬೇಕು. ಪಿಂಚಣಿ ಯಾವುದೇ ಇರಲಿ, ಯುಡಿಐಡಿ ಮಾತ್ರ ಮಾಡಿಸಿಯೇ ಇಡಿ. ಉಳಿದ ಸೌಲಭ್ಯಗಳಿಗೆ ಅದು ಬೇಕು.

ಅರ್ಜಿಗೆ ಯುಡಿಐಡಿ, ಆಧಾರ್, ರೇಷನ್ ಕಾರ್ಡ್, ಆದಾಯ ಪತ್ರ, ಪಾಸ್‌ಬುಕ್, ಫೋಟೊ ಸಾಕು. ಗ್ರಾಮ ಆಡಳಿತಾಧಿಕಾರಿ (ಮೊದಲು ಗ್ರಾಮ ಲೆಕ್ಕಿಗ ಅಂತಿದ್ದೆವು) ಪರಿಶೀಲನೆ ಮಾಡುತ್ತಾರೆ, ಮೇಲಿನವರು ಮಂಜೂರು ಮಾಡುತ್ತಾರೆ. ಸ್ವೀಕೃತಿ ರಸೀದಿ ಕೇಳಿ ಪಡೆಯಿರಿ. ಅದರ ಮೇಲಿನ ಸಕಾಲ ಸಂಖ್ಯೆ ನಿಮ್ಮ ಹಿಡಿತ. 2011ರ ಸಕಾಲ ಕಾಯ್ದೆಯಡಿ ಕೆಲಸಕ್ಕೆ ಗಡುವು ಇದೆ, ಗಡುವು ಮೀರಿದರೆ ಮೇಲ್ಮನವಿ ಹಾಕಲು ಆ ಸಂಖ್ಯೆಯೇ ಆಧಾರ.

ಮಂಜೂರಾದರೂ ಹಣ ಬರದೆ ನಿಲ್ಲುವುದು ಹೆಚ್ಚಾಗಿ ಬ್ಯಾಂಕಿನಲ್ಲಿ. ಖಾತೆಗೆ ಆಧಾರ್ ಜೋಡಿಸಿದ್ದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಕೂಡ ಆಗಿರಬೇಕು. ಸರ್ಕಾರದ ಹಣ ಆಧಾರ್ ನಂಬರ್ ಹಿಡಿದು ಬರುತ್ತದೆ, ಆ ನಂಬರ್ ಯಾವ ಖಾತೆಗೆ ಮ್ಯಾಪ್ ಆಗಿದೆಯೋ ಅಲ್ಲಿಗೇ ಹೋಗುತ್ತದೆ. ಎರಡು ಮೂರು ಖಾತೆ ಇರುವವರ ಹಣ ಎಂದೋ ತೆರೆದು ಮರೆತ ಖಾತೆಗೆ ಹೋಗಿ ಕೂತಿರುತ್ತದೆ. ಬ್ಯಾಂಕಿನಲ್ಲಿ "ನನ್ನ ಆಧಾರ್ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆ ನೋಡಿ" ಎಂದೇ ಕೇಳಿ. ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್ ಖಾತೆಯೂ ಆಗುತ್ತದೆ. ಓಡಾಡಲು ಆಗದವರಿಗೆ ಪೋಸ್ಟ್‌ಮ್ಯಾನ್ ಮನೆಗೇ ಹಣ ತಂದುಕೊಡುವ ಅನುಕೂಲ ಅಲ್ಲಿದೆ.

ಕಾರ್ಡ್ ಕೈಗೆ ಬಂದ ಮೇಲೆ ಇನ್ನೇನು?

ಸೇವಾ ಸಿಂಧು ಪೋರ್ಟಲ್‌ನಲ್ಲಿ ಬಸ್ ಪಾಸ್‌ಗೆ ಅರ್ಜಿ ಹಾಕಬಹುದು. ವರ್ಷಕ್ಕೆ ₹660 ಕಟ್ಟಿದರೆ ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು. ಅಂಧರಿಗೆ ಪಾಸ್ ಉಚಿತ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್‌ಗಳಲ್ಲಿ ಹೇಗೂ ಟಿಕೆಟ್ ಇಲ್ಲ, ಹಾಗಾಗಿ ಈ ಪಾಸ್ ಮುಖ್ಯವಾಗಿ ಗಂಡಸರಿಗೆ ಉಪಯೋಗ.

ರೈಲಿನಲ್ಲಿ ಒಬ್ಬರೇ ಪ್ರಯಾಣ ಮಾಡಲಾಗದ ಕೈಕಾಲಿನ ತೊಂದರೆಯವರು, ಪೂರ್ತಿ ಕಣ್ಣು ಕಾಣದವರು, ಬುದ್ಧಿಮಾಂದ್ಯತೆ ಇರುವವರಿಗೆ ಸ್ಲೀಪರ್, ಸೆಕೆಂಡ್ ಕ್ಲಾಸ್, ಥರ್ಡ್ ಎಸಿಯಲ್ಲಿ ಶೇ. 75 ರಿಯಾಯಿತಿ ಇದೆ. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ಸಿಗುತ್ತದೆ. ಆಸ್ಪತ್ರೆಯಲ್ಲಿ ಸಹಿ ಹಾಕಿಸಿದ ಆ ನಮೂನೆ ಕೊಟ್ಟು ರೈಲ್ವೆಯ ಪ್ರತ್ಯೇಕ ಕಾರ್ಡ್ ಪಡೆಯಬೇಕು.

ಓದುವ ಮಕ್ಕಳಿಗೆ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ 9ನೇ ತರಗತಿಯಿಂದಲೇ ವಿದ್ಯಾರ್ಥಿವೇತನವಿದೆ, ಆದಾಯ ಮಿತಿ ₹2.5 ಲಕ್ಷ. ಪಿಂಚಣಿಯ ₹32,000 ದಾಟಿದವರು ಇಲ್ಲೂ ಸಿಗಲ್ಲ ಎಂದು ಬಿಟ್ಟುಬಿಡಬೇಡಿ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಉನ್ನತ ಶಿಕ್ಷಣಕ್ಕೆ ಶೇ. 5 ಸೀಟು ಮೀಸಲು. ಪರೀಕ್ಷೆಯಲ್ಲಿ ಬರೆಯಲು ಸಹಾಯಕರು, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯಕ್ಕೆ ಅವಕಾಶವಿದೆ. ಶಾಲೆಯ ಮುಖ್ಯ ಶಿಕ್ಷಕರಿಗೆ ವರ್ಷದ ಆರಂಭದಲ್ಲೇ ಪತ್ರ ಕೊಡಿ, ಪರೀಕ್ಷೆ ಹತ್ತಿರ ಬಂದಾಗ ಅಲ್ಲ.

ರಾಜ್ಯ ಸರ್ಕಾರಿ ನೌಕರಿಯಲ್ಲಿ ಎ, ಬಿ ಗುಂಪಿಗೆ ಶೇ. 4, ಸಿ, ಡಿ ಗುಂಪಿಗೆ ಶೇ. 5 ಮೀಸಲಾತಿ ಇದೆ. ಸಂಬಳದಾರರಿಗೆ ಹಳೆ ತೆರಿಗೆ ಪದ್ಧತಿಯಲ್ಲಿ ₹75,000, ಅಂಗವೈಕಲ್ಯ ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ ₹1,25,000 ಕಡಿತ ಸಿಗುತ್ತದೆ. ಅಂಗವೈಕಲ್ಯ ಇರುವ ಮಗುವನ್ನೋ ತಂದೆ ತಾಯಿಯನ್ನೋ ಸಾಕುತ್ತಿರುವವರಿಗೂ ಇಷ್ಟೇ ಇದೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರ ಮನೆಯವರು ನಿರಾಮಯ ವಿಮೆ ಮಾಡಿಸಲೇಬೇಕು. ವರ್ಷಕ್ಕೆ ₹1 ಲಕ್ಷದವರೆಗೆ ರಕ್ಷಣೆ, ಮೊದಲೇ ವೈದ್ಯಕೀಯ ಪರೀಕ್ಷೆ ಇಲ್ಲ, ಥೆರಪಿ ಖರ್ಚಿಗೂ ಬರುತ್ತದೆ. ಇದೇ ಮಕ್ಕಳಿಗೆ 18 ತುಂಬಿದ ಮೇಲೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಯಿಂದ ಕಾನೂನಿನ ಪ್ರಕಾರ ಪೋಷಕತ್ವ ಪಡೆಯಬೇಕು. ಇಲ್ಲದಿದ್ದರೆ ಬ್ಯಾಂಕು, ಆಸ್ತಿ ವಿಷಯಗಳಲ್ಲಿ ತಂದೆ ತಾಯಿಯ ಸಹಿಯೂ ನಡೆಯದೆ ಹೋಗಬಹುದು.

ಗಾಲಿಕುರ್ಚಿ, ತ್ರಿಚಕ್ರ ವಾಹನ, ಶ್ರವಣ ಸಾಧನ, ಕೃತಕ ಕಾಲಿಗೆ ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಇಂಥ ಸಾಧನ ತಯಾರಿಸುವ ಕೇಂದ್ರ ಸರ್ಕಾರದ ಸಂಸ್ಥೆ ಅಲಿಮ್ಕೊದ ಶಿಬಿರ ನಿಮ್ಮ ತಾಲ್ಲೂಕಿಗೆ ಯಾವಾಗ ಬರುತ್ತದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಆದಾಯದ ಶೇ. 5 ಅನ್ನು ಅಂಗವೈಕಲ್ಯ ಇರುವವರಿಗೇ ಖರ್ಚು ಮಾಡಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು "ಈ ವರ್ಷ ಆ ಹಣ ಯಾವುದಕ್ಕೆ ಹೋಯಿತು?" ಎಂದು ಕೇಳಿ. ಉತ್ತರ ಕೊಡುವುದು ಅವರ ಕೆಲಸ.

ತಿರಸ್ಕಾರವಾದರೆ, ನಿಂತುಹೋದರೆ

ಬೋರ್ಡ್ ಪ್ರಮಾಣಪತ್ರ ಕೊಡಲು ಒಪ್ಪದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಲೇಬೇಕು. ಬಾಯಿಮಾತಿಗೆ ಒಪ್ಪಿ ವಾಪಸ್ ಬರಬೇಡಿ. ಪರ್ಸೆಂಟೇಜ್ ಕಮ್ಮಿ ಆಯಿತು ಅನ್ನಿಸಿದರೂ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿಗೆ ಅವಕಾಶವಿದೆ. ಅದರ ಜೊತೆ ಹೊಸ ವರದಿಗಳನ್ನು ಲಗತ್ತಿಸಿ, ಬರೀ "ಅನ್ಯಾಯ ಆಗಿದೆ" ಎಂದು ಬರೆದರೆ ಬಲ ಸಾಲದು.

ಬರುತ್ತಿದ್ದ ಪಿಂಚಣಿ ನಿಂತರೆ ಮೊದಲು ಬ್ಯಾಂಕ್ ಮ್ಯಾಪಿಂಗ್, ಆಮೇಲೆ ಪ್ರಮಾಣಪತ್ರದ ಅವಧಿ ನೋಡಿ. ಎರಡೂ ಸರಿಯಿದ್ದರೆ ನಾಡಕಚೇರಿಗೆ ಹೋಗಿ. ಮನೆಯಲ್ಲಿ ಇಲ್ಲದಿದ್ದಾಗ ಪರಿಶೀಲನೆಗೆ ಬಂದು "ಊರಲ್ಲಿಲ್ಲ" ಎಂದು ಬರೆದುಕೊಂಡು ಹೋಗಿರುವ ಸಾಧ್ಯತೆಯೂ ಇದೆ. ತಹಶೀಲ್ದಾರರಿಗೆ ಲಿಖಿತ ಮನವಿ ಕೊಟ್ಟು ಮೊಹರು ಹಾಕಿದ ಪ್ರತಿ ಇಟ್ಟುಕೊಳ್ಳಿ.

ಎಲ್ಲೂ ಕೆಲಸ ಆಗದಿದ್ದರೆ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಅಧಿಕಾರಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದಂಥ ಅಧಿಕಾರ ಅವರಿಗಿದೆ. ವಕೀಲರು ಬೇಕಿಲ್ಲ, ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆದರೆ ಸಾಕು. ಹೆಸರು, ವಿಳಾಸ, ಯುಡಿಐಡಿ ಸಂಖ್ಯೆ, ಯಾವ ಕಚೇರಿಗೆ ಯಾವ ದಿನ ಏನು ಅರ್ಜಿ ಕೊಟ್ಟಿರಿ, ಏನು ಉತ್ತರ ಬಂತು, ಈಗ ನಿಮಗೆ ಏನು ಆಗಬೇಕು ಎಂದು ಬರೆಯಿರಿ. ರಸೀದಿಗಳ ನಕಲು ಸೇರಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.